ಕೈಯಲ್ಲೇ ಕೆಲಸ, ಕೈಯಲ್ಲೇ ಮಾತು

“ಕಿವುಡರು ತುಂಬ ಒಳ್ಳೆಯ ಕೆಲಸಗಾರರು ಮೇಡಂ. ಹರಟೆ ಹೊಡೆಯುವುದಿಲ್ಲ, ಗಮನವೆಲ್ಲ ಕೆಲಸದ ಮೇಲೆಯೇ ಇರುತ್ತದೆ, ಒಮ್ಮೆ ಸೇರಿದರೆ ಬಿಟ್ಟು ಹೋಗುವುದಿಲ್ಲ.” ಬೆಂಗಳೂರಿನ ಕಂಪನಿಯೊಂದರ ಸಂದರ್ಶನದ ಕೋಣೆಯಲ್ಲಿ ಎಚ್‌ಆರ್ ವಿಭಾಗದ ಅಧಿಕಾರಿಯೊಬ್ಬರು ಈ ಮಾತನ್ನು ನಿಜವಾದ ಮೆಚ್ಚುಗೆಯಿಂದಲೇ ಹೇಳಿದರು. ಹೇಳಿದ್ದು ನನ್ನ ಮುಖ ನೋಡಿಕೊಂಡು. ಕೆಲಸಕ್ಕೆ ಅರ್ಜಿ ಹಾಕಿದ್ದವನು ಮಾತ್ರ ಮೇಜಿನ ಆಚೆ ಕುಳಿತಿದ್ದ, ಡೇಟಾ ಎಂಟ್ರಿಯಲ್ಲಿ ಆರು ವರ್ಷಗಳ ಅನುಭವವಿದ್ದ ಒಬ್ಬ ಯುವಕ. ನಾನು ಸನ್ನೆ ಭಾಷೆಯ ಇಂಟರ್‌ಪ್ರಿಟರ್. ನಾವು ಕಿವಿ ಕೇಳುವವರ ಪಕ್ಕದಲ್ಲಿ, ಕಿವುಡರಿಗೆ ಎದುರಾಗಿ ಕುಳಿತುಕೊಳ್ಳುವುದು ವಾಡಿಕೆ. ಮಾತನಾಡುವವರ ಮುಖವನ್ನೂ ನಮ್ಮ ಕೈಗಳನ್ನೂ ಅವರು ಒಂದೇ ನೋಟದಲ್ಲಿ ಹಿಡಿಯಬೇಕಾಗುತ್ತದೆ. ಕೋಣೆಯಲ್ಲಿ ಆಡಿದ ಪ್ರತಿಯೊಂದು ಮಾತನ್ನೂ ಏನನ್ನೂ ಸೇರಿಸದೆ, ಏನನ್ನೂ ಬಿಡದೆ ದಾಟಿಸಬೇಕು ಎಂಬುದು ನಮ್ಮ ವೃತ್ತಿಯ ನಿಯಮ. ಆ ಹೊಗಳಿಕೆಯನ್ನೂ ದಾಟಿಸಿದೆ. ಯುವಕ ಒಂದು ಕ್ಷಣ ಸುಮ್ಮನಿದ್ದು, ಬಳಿಕ ಒಂದು ಪ್ರಶ್ನೆ ಕೇಳಿದ. ಆ ಪ್ರಶ್ನೆಯನ್ನು ಹೇಳುವ ಮೊದಲು, ಆ ಹೊಗಳಿಕೆ ನನ್ನನ್ನು ಏಕೆ ಅಷ್ಟು ಕಲಕಿತು ಎಂಬುದನ್ನು ಹೇಳಬೇಕು.

ನನಗೆ ಕಿವಿ ಕೇಳುತ್ತದೆ. ಅಪ್ಪ ಅಮ್ಮ ಇಬ್ಬರೂ ಹುಟ್ಟಿನಿಂದ ಕಿವುಡರು. ಮೈಸೂರಿನ ಒಂದು ಓಣಿಯಲ್ಲಿ ಅಪ್ಪನ ಟೈಲರ್ ಅಂಗಡಿಯಿತ್ತು; ಅಮ್ಮ ಗಾರ್ಮೆಂಟ್ಸ್‌ನಲ್ಲಿ ಹದಿನೇಳು ವರ್ಷ ದುಡಿದರು. ಮನೆಯಲ್ಲಿ ನಾನು ಮೊದಲು ಕಲಿತ ಭಾಷೆ ಸನ್ನೆ. ಕನ್ನಡವನ್ನು ಪಕ್ಕದ ಮನೆಯ ಅಜ್ಜಿಯಿಂದಲೂ ಬೀದಿಯಿಂದಲೂ ಕಲಿತೆ. ‘ಶ್ರವಣದೋಷವುಳ್ಳವರು’ ಎಂಬ ಪದವನ್ನು ನನ್ನ ಹೆತ್ತವರು ಸರ್ಕಾರಿ ಅರ್ಜಿಗಳಲ್ಲಿ ಮಾತ್ರ ಬರೆಯುತ್ತಾರೆ, ಬೀದಿಯವರು ಅಪ್ಪನ ಅಂಗಡಿಯನ್ನು ‘ಮೂಗಪ್ಪನ ಅಂಗಡಿ’ ಎಂದೇ ಕರೆಯುತ್ತಿದ್ದರು, ಮತ್ತು ಆ ಹೆಸರಿನಲ್ಲಿ ದ್ವೇಷವೇನೂ ಇರಲಿಲ್ಲ ಎಂಬುದು ನನಗೆ ಗೊತ್ತು. ಆದರೂ ದಿನಕ್ಕೆ ಹದಿನಾಲ್ಕು ಗಂಟೆ ಎಚ್ಚರವಿದ್ದು ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಮಾತನಾಡುತ್ತಲೇ ಇರುತ್ತಿದ್ದ ಮನುಷ್ಯನಿಗೆ ಮೂಗ ಎಂಬ ಹೆಸರು ಬಂದದ್ದು ಹೇಗೆ ಎಂದು ನಾನು ಚಿಕ್ಕಂದಿನಲ್ಲಿ ಬೆರಗಾಗುತ್ತಿದ್ದೆ.

ಅಪ್ಪ ಟೈಲರ್ ಆದದ್ದು ಅವರ ಆಯ್ಕೆಯಾಗಿರಲಿಲ್ಲ. ಅವರು ಓದಿದ ವಸತಿ ಶಾಲೆಯಲ್ಲಿ ಹುಡುಗರಿಗೆ ಹೊಲಿಗೆ, ಮರಗೆಲಸ, ಪುಸ್ತಕ ಬೈಂಡಿಂಗ್ ಎಂಬ ಮೂರರಲ್ಲಿ ಒಂದನ್ನು ಕೊಡುತ್ತಿದ್ದರು, ಅಷ್ಟೆ. ಜಗತ್ತಿನ ಬಹಳಷ್ಟು ಕಡೆ ಕಿವುಡರ ಶಾಲೆಗಳು ಹೀಗೇ ಇದ್ದವು: ಅಚ್ಚುಮೊಳೆ ಜೋಡಿಸುವುದು, ಹೊಲಿಗೆ, ಚಮ್ಮಾರಿಕೆ, ಬಡಗಿ ಕೆಲಸ. ಉಳಿದ ಹೊತ್ತೆಲ್ಲ ಮಾತು ಕಲಿಸುವುದರಲ್ಲಿ ಕಳೆಯುತ್ತಿತ್ತು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ್ದ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನವು ಸನ್ನೆಗಿಂತ ಬಾಯಿಮಾತಿನ ಶಿಕ್ಷಣವೇ ಮೇಲು ಎಂದು ನಿರ್ಣಯಿಸಿತು. ಅದರ ನೆರಳು ನೂರು ವರ್ಷಗಳ ಕಾಲ ಶಾಲೆಗಳ ಮೇಲೆ ಬಿದ್ದಿತ್ತು. ಬಾಯಿಯ ಮುಂದೆ ಕಾಗದದ ಪಟ್ಟಿ ಹಿಡಿದು ‘ಪ’ ಎಂದರೆ ಕಾಗದ ಅಲುಗಬೇಕು, ‘ಬ’ ಎಂದರೆ ಅಷ್ಟಾಗಿ ಅಲುಗಬಾರದು ಎಂಬುದನ್ನು ಅಪ್ಪ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಆ ವರ್ಷಗಳಲ್ಲಿ ಅವರಿಗೆ ಲೆಕ್ಕಪತ್ರ ಬರೆಯಲು, ಕಾಗದ ಬರೆಯಲು ಕಲಿಸಿದ್ದರೆ ಅವರ ವ್ಯಾಪಾರವೇ ಬೇರೆಯಾಗುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಅಷ್ಟು ಅಭ್ಯಾಸ ಮಾಡಿದ ‘ಪ’ ಮತ್ತು ‘ಬ’ ಅವರಿಗೆ ಅಂಗಡಿಯಲ್ಲಿ ಉಪಯೋಗಕ್ಕೂ ಬರಲಿಲ್ಲ. ತುಟಿ ನೋಡಿ ಮಾತು ತಿಳಿಯುವ ವಿದ್ಯೆಯ ಬಗ್ಗೆ ಕಿವಿ ಕೇಳುವವರಿಗೆ ಬಹಳ ಭರವಸೆ. ಕನ್ನಡಿಯ ಮುಂದೆ ನಿಂತು ಧ್ವನಿಯಿಲ್ಲದೆ ‘ಪಟ್ಟೆ’, ‘ಬಟ್ಟೆ’, ‘ಮಟ್ಟೆ’ ಎಂದು ಹೇಳಿ ನೋಡಿದರೆ ಆ ಭರವಸೆ ಎಷ್ಟು ತೆಳುವಾದದ್ದೆಂದು ತಿಳಿಯುತ್ತದೆ. ಮೂರಕ್ಕೂ ತುಟಿಗಳು ಒಂದೇ ರೀತಿ ಮುಚ್ಚಿ ತೆರೆಯುತ್ತವೆ. ‘ಕ’ ಮತ್ತು ‘ಗ’ ಬಾಯಿಯ ಹಿಂಭಾಗದಲ್ಲೇ ಹುಟ್ಟಿ ಹೊರಗಿನವರಿಗೆ ಕಾಣುವುದೇ ಇಲ್ಲ. ಗಿರಾಕಿ ಪಟ್ಟೆಯ ಬಗ್ಗೆ ಹೇಳುತ್ತಿದ್ದಾರೋ ಬಟ್ಟೆಯ ಬಗ್ಗೆಯೋ ಎಂಬುದನ್ನು ಅಪ್ಪ ಅವರ ಕಣ್ಣು ಎತ್ತ ಹೋಗುತ್ತದೆ, ಬೆರಳು ಯಾವ ತಾನನ್ನು ಮುಟ್ಟುತ್ತದೆ ಎಂಬುದರಿಂದ ಊಹಿಸುತ್ತಿದ್ದರು. ಇಡೀ ದಿನ ಹೀಗೆ ಊಹಿಸುವುದು ಎಷ್ಟು ದಣಿಸುತ್ತದೆ ಎಂಬುದು ರಾತ್ರಿ ಊಟಕ್ಕೆ ಕುಳಿತಾಗ ಅವರ ಕೆಂಪಾದ ಕಣ್ಣುಗಳಲ್ಲಿ ಕಾಣುತ್ತಿತ್ತು. 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗ ಆ ಅಲ್ಪ ಆಸರೆಯೂ ಹೋಯಿತು.

ಕೆಲಸದಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಅಳತೆ ತೆಗೆಯಲು ಮಾತು ಬೇಡ. ಹಳೆಯ ಅಂಗಿ ಕೊಟ್ಟರೆ ಅದರ ತದ್ರೂಪವನ್ನು ಕತ್ತರಿಸುತ್ತಿದ್ದರು. ಮೆಷಿನ್‌ನಲ್ಲಿ ಬಾಬಿನ್ ಸಿಕ್ಕಿಕೊಳ್ಳುವ ಮೊದಲೇ ಪೆಡಲಿನ ಮೇಲಿದ್ದ ಅಂಗಾಲಿಗೆ ಅದರ ನಡುಕ ತಿಳಿದು ಕಾಲು ತಾನಾಗಿ ನಿಲ್ಲುತ್ತಿತ್ತು. ಕಿವಿಯಿಂದ ಅದನ್ನು ಗುರುತಿಸುವ ಪಕ್ಕದಂಗಡಿಯ ಟೈಲರ್‌ಗಿಂತ ಬೇಗ. ಕಷ್ಟವಿದ್ದದ್ದು ಹೊಲಿಗೆಯ ಸುತ್ತಮುತ್ತ. ಶಾಲೆಯೊಂದು ಯೂನಿಫಾರ್ಮ್ ಹೊಲಿಸಲು ಟೈಲರ್ ಹುಡುಕುತ್ತಿದೆ ಎಂಬ ಸುದ್ದಿ, ಯಾವ ಸಗಟು ಅಂಗಡಿಯವರು ಲೈನಿಂಗ್ ಬಟ್ಟೆಯನ್ನು ಸಾಲಕ್ಕೆ ಕೊಡುತ್ತಾರೆ ಎಂಬ ಸುದ್ದಿ, ಪಕ್ಕದ ರಸ್ತೆಯವರು ಕೂಲಿಯನ್ನು ಎಷ್ಟು ಏರಿಸಿದರು ಎಂಬ ಸುದ್ದಿ, ಇವೆಲ್ಲವೂ ಹೋಟೆಲಿನ ಬೆಂಚಿನ ಮೇಲೆ ಕಾಫಿಯ ಜೊತೆ ಹರಿಯುತ್ತಿದ್ದವು. ಅಪ್ಪ ಅದೇ ಬೆಂಚಿನ ಮೇಲೆ ಅದೇ ಕಾಫಿ ಕುಡಿಯುತ್ತ ಕುಳಿತಿರುತ್ತಿದ್ದರು. ಯೂನಿಫಾರ್ಮ್ ಗುತ್ತಿಗೆ ಯಾರಿಗೋ ಸಿಕ್ಕಿತೆಂಬುದು ಅವರಿಗೆ ಗೊತ್ತಾಗುತ್ತಿದ್ದದ್ದು ಜೂನ್‌ನಲ್ಲಿ, ಮಕ್ಕಳು ಅದನ್ನು ಹಾಕಿಕೊಂಡು ಬೀದಿಯಲ್ಲಿ ನಡೆದುಹೋದಾಗ. ಬೆಂಚಿನ ಮೇಲೆ ಎಲ್ಲರೂ ನಕ್ಕಾಗ ಅಪ್ಪ “ಏನು?” ಎಂದು ಕೈ ತಿರುಗಿಸಿದರೆ ಯಾರಾದರೂ ಒಬ್ಬರು “ಏನಿಲ್ಲ, ಆಮೇಲೆ ಹೇಳ್ತೀನಿ” ಎಂದು ಕೈ ಆಡಿಸುತ್ತಿದ್ದರು. ಕಿವುಡರ ಪೈಕಿ ಯಾರನ್ನು ಕೇಳಿದರೂ ಈ ‘ಆಮೇಲೆ’ಯ ಕಥೆ ಇರುತ್ತದೆ. ಅದು ಬರುವುದಿಲ್ಲ.

ಏಳನೆಯ ವಯಸ್ಸಿನಿಂದ ನಾನೇ ಅಂಗಡಿಯ ದನಿಯಾದೆ. ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ನಿಂತು ದರ ಹೇಳುತ್ತಿದ್ದೆ, ಬಾಕಿ ಕೇಳುತ್ತಿದ್ದೆ, ದೀಪಾವಳಿಗೆ ಕೊಡಲಾಗದ ಬ್ಲೌಸಿಗೆ ಕ್ಷಮೆ ಕೇಳುತ್ತಿದ್ದೆ. ಆಗ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯಬೇಕು. ಗಿರಾಕಿಯೊಬ್ಬರು, “ನಿಮ್ಮಪ್ಪನಿಗೆ ಏನು ತಿಳಿಯುತ್ತೆ, ಅರ್ಧ ದುಡ್ಡು ಕೊಟ್ಟರೂ ಸಾಕು” ಎಂದಾಗ ನಾನು ಅಪ್ಪನಿಗೆ, “ಅವರಿಗೆ ಈಗ ಹಣದ ಅಡಚಣೆಯಂತೆ, ಸ್ವಲ್ಪ ಕಡಿಮೆ ಮಾಡಬೇಕಂತೆ” ಎಂದು ಸನ್ನೆ ಮಾಡಿದೆ. ಅಪ್ಪ ಮರುಕಪಟ್ಟು ದರ ಇಳಿಸಿದರು. ಇಂಥದ್ದನ್ನು ಒಂದು ಸಲ ಮಾಡಿ ಬಿಡಲಿಲ್ಲ. ವರ್ಷಗಳ ಕಾಲ ಮಾಡಿದೆ. ಅವಮಾನ ಅವರನ್ನು ತಲುಪದಂತೆ ನಾನು ತಡೆದೆ ಎಂದುಕೊಂಡಿದ್ದೆ. ನಿಜವಾಗಿ ನಾನು ತಡೆದದ್ದು ವ್ಯಾಪಾರಿಯೊಬ್ಬನಿಗೆ ತನ್ನ ಗಿರಾಕಿಗಳ ಬಗ್ಗೆ ತಿಳಿದಿರಲೇಬೇಕಾದ ಮಾಹಿತಿಯನ್ನು. ದೊಡ್ಡವಳಾದ ಮೇಲೆ ಇದನ್ನು ಹೇಳಿದಾಗ ಅಪ್ಪ ಕೋಪ ಮಾಡಿಕೊಂಡರು. ಅವರ ಪ್ರಶ್ನೆ ಒಂದೇ ಆಗಿತ್ತು: “ಯಾರು ಯಾರು?” ಹೆಸರುಗಳನ್ನು ಹೇಳಿದೆ. ಅವರಲ್ಲಿ ಇಬ್ಬರಿಗೆ ಅವರು ಇನ್ನೂ ಹೊಲಿದುಕೊಡುತ್ತಿದ್ದರು.

ಅಪ್ಪ ಗಿರಾಕಿಗಳಿಗಾಗಿ ಬರೆದಿಡುತ್ತಿದ್ದ ಚೀಟಿಗಳ ಬಗ್ಗೆಯೂ ಒಂದು ಮಾತು. “ನಾಳೆ ಸಂಜೆ ಅಂಗಿ ಕೊಡು ನೀನು ನಾನು” ಎಂದು ಅವರು ಬರೆದರೆ ಜನ ನಗುತ್ತಿದ್ದರು. ಭಾರತೀಯ ಸನ್ನೆ ಭಾಷೆಯಲ್ಲಿ ‘ಕೊಡು’ ಎಂಬ ಸನ್ನೆ ಕೊಡುವವನ ಕಡೆಯಿಂದ ಪಡೆಯುವವನ ಕಡೆಗೆ ಗಾಳಿಯಲ್ಲಿ ಚಲಿಸುತ್ತದೆ. ಯಾರು ಯಾರಿಗೆ ಎಂಬುದು ಆ ಚಲನೆಯಲ್ಲೇ ಇರುತ್ತದೆ. ನಮ್ಮ ‘ಗೆ’, ‘ಇಂದ’, ‘ಅನ್ನು’ಗಳು ಮಾಡುವ ಕೆಲಸವನ್ನು ಅಲ್ಲಿ ಜಾಗ ಮಾಡುತ್ತದೆ. ಅಂಥ ಭಾಷೆಯಲ್ಲಿ ಯೋಚಿಸುವವರಿಗೆ ವಿಭಕ್ತಿ ಪ್ರತ್ಯಯಗಳು ಎರಡನೆಯ ಭಾಷೆಯ ವ್ಯಾಕರಣ, ಅದೂ ಕಿವಿಯ ಮೇಲೆ ಎಂದೂ ಬೀಳದ ವ್ಯಾಕರಣ. ಇಂದು ಕಚೇರಿಗಳಲ್ಲಿ ಕಿವುಡ ಉದ್ಯೋಗಿಯ ಇಮೇಲ್ ಓದಿ ಅವರ ಬುದ್ಧಿಯನ್ನೇ ಅಳೆಯುವವರನ್ನು ಕಂಡಾಗ ನನಗೆ ಆ ಚೀಟಿಗಳು ನೆನಪಾಗುತ್ತವೆ. ಅದೇ ಉದ್ಯೋಗಿಯ ಸನ್ನೆಯನ್ನು ಓದಬಲ್ಲವರು ಆ ಕಚೇರಿಯಲ್ಲಿ ಒಬ್ಬರೂ ಇರುವುದಿಲ್ಲ. ಅದಕ್ಕಾಗಿ ಆ ಕಚೇರಿಯವರ ಬುದ್ಧಿಯನ್ನು ಯಾರೂ ಅಳೆಯುವುದಿಲ್ಲ.

ಈಗ ಅಮ್ಮನ ವಿಷಯಕ್ಕೆ ಬರುತ್ತೇನೆ. ‘ಹರಟೆ ಹೊಡೆಯುವುದಿಲ್ಲ’ ಎಂಬ ಹೊಗಳಿಕೆಯ ಗುಟ್ಟು ನನಗೆ ತಿಳಿದದ್ದು ಅವರಿಂದ. ಗಾರ್ಮೆಂಟ್ಸ್‌ನ ಲೈನಿನಲ್ಲಿ ಅವರ ಅಕ್ಕಪಕ್ಕದ ಹೆಂಗಸರು ಕೈಯಲ್ಲಿ ಕಾಲರ್ ಹೊಲಿಯುತ್ತ ಬಾಯಲ್ಲಿ ಚೀಟಿ ವ್ಯವಹಾರ, ಮನೆ ಬಾಡಿಗೆ, ಮಗಳ ಮದುವೆ, ಎಲ್ಲವನ್ನೂ ಮಾತಾಡಿ ಮುಗಿಸುತ್ತಿದ್ದರು. ಸೂಪರ್‌ವೈಸರ್ ದೂರದಿಂದ ನೋಡಿದರೆ ಕೈಗಳು ಓಡುತ್ತಿರುವುದಷ್ಟೇ ಕಾಣುತ್ತಿತ್ತು. ಅಮ್ಮ ಒಂದು ಮಾತು ಆಡಬೇಕಿದ್ದರೆ ಬಟ್ಟೆಯಿಂದ ಎರಡೂ ಕೈ ತೆಗೆಯಬೇಕು. ಕೈ ತೆಗೆದರೆ ಮೆಷಿನ್ ನಿಲ್ಲುತ್ತದೆ, ಮೆಷಿನ್ ನಿಂತರೆ ಪೀಸ್ ತಪ್ಪುತ್ತದೆ, ಪೀಸ್ ತಪ್ಪಿದರೆ ಗಂಟೆಯ ಟಾರ್ಗೆಟ್ ತಪ್ಪುತ್ತದೆ. ಅದೇ ಫ್ಲೋರಿನಲ್ಲಿ ಇನ್ನೊಬ್ಬ ಕಿವುಡ ಹುಡುಗಿ ಸೇರಿಕೊಂಡಾಗ ಅಮ್ಮ ಸಂಭ್ರಮಪಟ್ಟಿದ್ದರು. ವಾರದೊಳಗೆ ಇಬ್ಬರನ್ನೂ ಬೇರೆ ಬೇರೆ ಲೈನಿಗೆ ಹಾಕಿದರು, ಏಕೆಂದರೆ ಅವರಿಬ್ಬರು ಮಾತನಾಡುತ್ತಿರುವುದು ಇಡೀ ಫ್ಲೋರಿಗೆ ಕಾಣುತ್ತಿತ್ತು. ನೂರು ಬಾಯಿಗಳ ಮಾತು ಯಾರಿಗೂ ಕಾಣುತ್ತಿರಲಿಲ್ಲ. ಹೀಗೆ ಅಮ್ಮ ಮೌನಿಯಾದರು, ಮತ್ತು ಆ ಮೌನವನ್ನು ವರ್ಷದ ಕೊನೆಯಲ್ಲಿ ಶಿಸ್ತು ಎಂದು ಮೆಚ್ಚಿಕೊಳ್ಳಲಾಯಿತು.

ಹರಟೆ ಎಂದರೆ ನಾವು ಹಗುರವಾಗಿ ಭಾವಿಸುತ್ತೇವೆ. ಕೆಲಸದ ಜಾಗದಲ್ಲಿ ಅದು ಕಾರ್ಮಿಕರ ಪತ್ರಿಕೆ, ಪಾಠಶಾಲೆ, ಸಂಘ ಎಲ್ಲವೂ ಹೌದು. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣವನ್ನು ಪೂರ್ತಿ ಹಿಂದೆಗೆದುಕೊಳ್ಳುವುದನ್ನು ನಿರ್ಬಂಧಿಸಲು ಕೇಂದ್ರ ಸರ್ಕಾರ ಹೊರಟಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಬೀದಿಗಿಳಿದರು, ಎರಡೇ ದಿನಗಳಲ್ಲಿ ಆ ನಿಯಮ ಹಿಂದೆ ಸರಿಯಿತು. ಆ ಸುದ್ದಿ ಹಬ್ಬಿದ್ದು ಬಾಯಿಂದ ಬಾಯಿಗೆ. ಅಮ್ಮನ ಗೆಳತಿಯೊಬ್ಬರು ಆಗ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದರು. ಇದ್ದಕ್ಕಿದ್ದಂತೆ ಎಲ್ಲರೂ ಎದ್ದು ಬಾಗಿಲ ಕಡೆ ನಡೆದಾಗ ಅವರು ಬೆಂಕಿ ಬಿದ್ದಿರಬೇಕೆಂದು ಹೆದರಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದ್ದರಂತೆ. ರಸ್ತೆಗೆ ಬಂದ ಮೇಲೂ ಬೆಂಕಿ ಎಲ್ಲಿದೆ ಎಂದು ಹಿಂದಿರುಗಿ ನೋಡುತ್ತಲೇ ಇದ್ದರು. ತಾವು ನಿಂತಿರುವುದು ತಮ್ಮದೇ ದುಡ್ಡಿಗಾಗಿ ನಡೆಯುತ್ತಿರುವ ಹೋರಾಟದಲ್ಲಿ ಎಂಬುದು ಅವರಿಗೆ ತಿಳಿದದ್ದು ರಾತ್ರಿ ಮಗ ಟಿವಿ ನೋಡಿ ಹೇಳಿದಾಗ.

ಇನ್ನು ‘ಬಿಟ್ಟು ಹೋಗುವುದಿಲ್ಲ’ ಎಂಬ ಮಾತು. ಅಮ್ಮ ಹದಿನೇಳು ವರ್ಷ ಅದೇ ಕಾರ್ಖಾನೆಯಲ್ಲಿದ್ದರು, ಹದಿನೇಳು ವರ್ಷವೂ ಮೆಷಿನ್ ಆಪರೇಟರ್ ಆಗಿಯೇ ಇದ್ದರು. ಅವರ ಹತ್ತಿರ ಕೆಲಸ ಕಲಿತ ಮೂವರು ಸೂಪರ್‌ವೈಸರ್ ಆದರು. ಮೈಕಿನಲ್ಲಿ ಟಾರ್ಗೆಟ್ ಕೂಗಲಾಗದವರು ಸೂಪರ್‌ವೈಸರ್ ಆಗುವುದು ಹೇಗೆ ಎಂಬುದು ಆಡಳಿತದವರ ಪ್ರಶ್ನೆ. ಗೋಡೆಯ ಹಲಗೆಯ ಮೇಲೆ ಅದನ್ನು ಬರೆದರೆ ಆಗದೇ ಎಂಬುದು ಅಮ್ಮನ ಪ್ರಶ್ನೆ. ಬೇರೆ ಕಡೆ ಸೇರಬಹುದಿತ್ತಲ್ಲ ಎಂದು ಕೇಳುವವರಿಗೆ ಉತ್ತರ ಸರಳ: ಎಲ್ಲಿ ಜಾಗ ಖಾಲಿಯಿದೆ ಎಂಬ ಸುದ್ದಿಯೂ ಹರಟೆಯಲ್ಲೇ ಬರುತ್ತದೆ, ಮತ್ತು ಹೊಸ ಜಾಗದಲ್ಲಿ ತನ್ನನ್ನು ಅರ್ಥ ಮಾಡಿಕೊಳ್ಳುವ ಒಬ್ಬ ಸಹೋದ್ಯೋಗಿಯನ್ನು ಬೆಳೆಸಿಕೊಳ್ಳಲು ಮತ್ತೆ ಎರಡು ವರ್ಷ ಬೇಕು.

ಕಾನೂನು ಏನೂ ಮಾಡಿಲ್ಲವೆಂದರೆ ಅನ್ಯಾಯವಾಗುತ್ತದೆ. 2011ರ ಜನಗಣತಿಯಲ್ಲಿ ಶ್ರವಣದ ತೊಂದರೆ ಇರುವವರೆಂದು ಎಣಿಸಲ್ಪಟ್ಟವರೇ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇ 4ರಷ್ಟು ಮೀಸಲಾತಿ ಕೊಟ್ಟಿದೆ. ಅದರಲ್ಲಿ ಶೇ 1ರಷ್ಟು ಕಿವುಡರು ಮತ್ತು ಮಂದಶ್ರವಣದವರಿಗೆ ಸೇರಿ. ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡರು, 60ರಿಂದ 70ರ ನಡುವೆ ಇದ್ದರೆ ಮಂದಶ್ರವಣದವರು. ಶ್ರವಣಯಂತ್ರ ಹಾಕಿಕೊಂಡು ಮಾತನಾಡಬಲ್ಲವರೂ ಸನ್ನೆಯಲ್ಲೇ ಬದುಕುವವರೂ ಒಂದೇ ಸಾಲಿನಲ್ಲಿ ನಿಂತರೆ ಸಂದರ್ಶನದಲ್ಲಿ ಯಾರು ಮುಂದೆ ಹೋಗುತ್ತಾರೆ ಎಂಬುದನ್ನು ಊಹಿಸಬಹುದು, ಮತ್ತು ಇದು ಸನ್ನೆಯಲ್ಲಿ ಬದುಕುವವರ ನಡುವೆ ನಾನು ಆಗಾಗ ಕಾಣುವ ಕೊರಗು. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಸರ್ಕಾರಿ ಸಂಸ್ಥೆಗಳಲ್ಲಿ ಅಂಗವೈಕಲ್ಯವೊಂದನ್ನೇ ಕಾರಣವಾಗಿಸಿ ಬಡ್ತಿ ನಿರಾಕರಿಸುವಂತಿಲ್ಲ ಎಂದೂ ಕಾಯ್ದೆ ಹೇಳುತ್ತದೆ. ಆದರೆ ಆ ಕಾರಣ ಹೇಳಿ ಬಡ್ತಿ ನಿರಾಕರಿಸುವವರು ನನ್ನ ಅನುಭವದಲ್ಲಿ ಎಲ್ಲೂ ಇಲ್ಲ. ವಾರ್ಷಿಕ ಮೌಲ್ಯಮಾಪನದ ಹಾಳೆಯಲ್ಲಿ ‘ಸಂವಹನ ಕೌಶಲ ಸುಧಾರಿಸಬೇಕು’ ಎಂದು ಬರೆಯುತ್ತಾರೆ. ಸಂವಹನಕ್ಕೆ ಇಬ್ಬರು ಬೇಕಾಗುತ್ತದೆ. ಸುಧಾರಿಸುವ ಹೊಣೆ ಮಾತ್ರ ಒಬ್ಬರದು.

ಬದಲಾವಣೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಸ್‌ಎಂಎಸ್ ಬಂದ ವರ್ಷ ಅಪ್ಪನಿಗೆ ಬೀಗ ತೆರೆದಂತಾಯಿತು. ವಾಟ್ಸ್‌ಆ್ಯಪ್‌ನ ವಿಡಿಯೊ ಕರೆ ಬಂದ ಮೇಲೆ ಅವರು ದಾವಣಗೆರೆಯ ಕಿವುಡ ಬಟ್ಟೆ ವ್ಯಾಪಾರಿಯೊಬ್ಬರ ಜೊತೆ ನೇರವಾಗಿ, ನನ್ನ ನೆರವಿಲ್ಲದೆ ಚೌಕಾಸಿ ಮಾಡಿದ್ದನ್ನು ನೋಡಿ ನನಗೆ ಕಣ್ಣು ತುಂಬಿತ್ತು. 2011ರಲ್ಲಿ ದೆಹಲಿ ಹೈಕೋರ್ಟ್ ಕಿವುಡರೂ ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಪರವಾನಗಿ ಪಡೆಯಬಹುದೆಂದು ಹೇಳಿದ್ದರಿಂದ, ಇಂದು ಊಟ ತಂದುಕೊಡುವ ಎಷ್ಟೋ ಕಿವುಡ ಹುಡುಗರು ಸ್ವಂತ ದುಡಿಮೆಯಲ್ಲಿದ್ದಾರೆ. ‘ಕರೆ ಮಾಡಬೇಡಿ, ಸಂದೇಶ ಕಳಿಸಿ’ ಎಂದು ಆ್ಯಪ್ ತಾನೇ ಗಿರಾಕಿಗೆ ತಿಳಿಸುತ್ತದೆ. ಕಿವುಡರೇ ಬಡಿಸುವ ಕಾಫಿ ಅಂಗಡಿಗಳು, ಹೋಟೆಲುಗಳು ಬಂದಿವೆ. ಅವನ್ನು ನಾನು ಗೌರವಿಸುತ್ತೇನೆ. ಆದರೂ ಬಡಿಸುವ ಹುಡುಗಿ ಐದು ವರ್ಷಗಳ ಬಳಿಕ ಲೆಕ್ಕ ನೋಡುತ್ತಿದ್ದಾಳೆಯೇ ಎಂದು ಒಳಗೆ ಇಣುಕಿ ನೋಡುವ ಅಭ್ಯಾಸ ನನಗೆ ಬಿಟ್ಟಿಲ್ಲ. ಇನ್ನೊಂದು ಕಡೆ ಬ್ಯಾಂಕಿನಿಂದ ‘ಪರಿಶೀಲನೆಗಾಗಿ ನಿಮ್ಮ ಧ್ವನಿಯಲ್ಲೇ ದೃಢಪಡಿಸಿ’ ಎಂಬ ಕರೆ ಈಗಲೂ ಅಪ್ಪನ ಫೋನಿಗೆ ಬರುತ್ತದೆ.

ನನ್ನ ವೃತ್ತಿಯಲ್ಲಿರುವವರಿಗೆ ಮರೆಯಲಾಗದ ದಿನಗಳು 2023ರ ಸೆಪ್ಟೆಂಬರ್‌ನಲ್ಲಿ ಬಂದವು. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿಯವರು ಸುಪ್ರೀಂ ಕೋರ್ಟಿನ ಮುಂದೆ ವಿಡಿಯೊ ಮೂಲಕ ಹಾಜರಾದಾಗ ಅವರ ಜೊತೆ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಕೂಡ ಪರದೆಯ ಮೇಲಿದ್ದರು. ಮರು ತಿಂಗಳು ನ್ಯಾಯಾಲಯವೇ ತನ್ನ ವತಿಯಿಂದ ಅವರಿಗಾಗಿ ಇಂಟರ್‌ಪ್ರಿಟರ್ ಒಬ್ಬರನ್ನು ಗೊತ್ತುಮಾಡಿತು. 2024ರ ಏಪ್ರಿಲ್‌ನಲ್ಲಿ ಅವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿಯೂ ಇಂಟರ್‌ಪ್ರಿಟರ್ ಮೂಲಕ ವಾದ ಮಂಡಿಸಿದರು. ಮಾತನ್ನೇ ಬಂಡವಾಳವೆಂದು ಎಲ್ಲರೂ ನಂಬಿರುವ ವೃತ್ತಿಯಲ್ಲಿ ಇದು ನಡೆಯಿತು. ನನ್ನ ಮಟ್ಟಿಗೆ ಇದರಲ್ಲಿ ದೊಡ್ಡದು ಅಕ್ಟೋಬರ್‌ನ ಆ ಸಣ್ಣ ಸಂಗತಿ: ಇಂಟರ್‌ಪ್ರಿಟರನ್ನು ಕರೆತರುವ ಹೊಣೆಯನ್ನು ಕಿವುಡರ ಹೆಗಲಿಗೆ ಬಿಡದೆ ಸಂಸ್ಥೆಯೇ ಹೊತ್ತುಕೊಂಡದ್ದು. ನಾನು ಹೋಗುವ ಹತ್ತು ಸಂದರ್ಶನಗಳಲ್ಲಿ ಏಳೆಂಟಕ್ಕೆ ನನ್ನ ಶುಲ್ಕವನ್ನು ಇನ್ನೂ ಕೆಲಸ ಸಿಗದ ಅಭ್ಯರ್ಥಿಯೇ ಕೊಡುತ್ತಾನೆ, ಅಥವಾ ನಾನು ಬೇಡವೆನ್ನುತ್ತೇನೆ.

ಆ ಯುವಕನ ಪ್ರಶ್ನೆಗೆ ಬರುತ್ತೇನೆ. ಹೊಗಳಿಕೆಯನ್ನು ನನ್ನ ಕೈಗಳಲ್ಲಿ ನೋಡಿದ ಮೇಲೆ ಆತ ಅಧಿಕಾರಿಯ ಕಡೆಗೇ ತಿರುಗಿ ಕೇಳಿದ: “ಇಲ್ಲಿ ಬಿಟ್ಟು ಹೋಗದೆ ಉಳಿದಿರುವ ಕಿವುಡರಲ್ಲಿ ಎಲ್ಲರಿಗಿಂತ ಹಳಬರು ಯಾರು? ಅವರು ಈಗ ಯಾವ ಹುದ್ದೆಯಲ್ಲಿದ್ದಾರೆ?” ನಾನು ಅದನ್ನು ಹಾಗೆಯೇ ಕನ್ನಡದಲ್ಲಿ ಹೇಳಿದೆ, ಒಂದಿಷ್ಟೂ ಮೆದುಗೊಳಿಸದೆ. ಏಳು ವರ್ಷದ ಹುಡುಗಿಯಾಗಿದ್ದರೆ ಖಂಡಿತ ಮೆದುಗೊಳಿಸುತ್ತಿದ್ದೆ. ಅಧಿಕಾರಿ ಲ್ಯಾಪ್‌ಟಾಪ್‌ನಲ್ಲಿ ಹುಡುಕಿದರು. ಒಂಬತ್ತು ವರ್ಷಗಳ ಹಿಂದೆ ಸೇರಿದವರೊಬ್ಬರು ಇದ್ದರು. ಸೇರಿದ ಹುದ್ದೆಯಲ್ಲೇ ಇದ್ದರು. ಅಧಿಕಾರಿ ತಲೆಯೆತ್ತಿ, ಆ ದಿನ ಮೊದಲ ಬಾರಿಗೆ ನನ್ನನ್ನು ಬಿಟ್ಟು ಯುವಕನ ಮುಖವನ್ನು ನೋಡಿ, “ನಾನು ಇದನ್ನು ಗಮನಿಸಿರಲಿಲ್ಲ” ಎಂದರು. ಅವರ ಪ್ರಾಮಾಣಿಕತೆಯನ್ನು ನಾನು ಮೆಚ್ಚಿದೆ. ಯುವಕನಿಗೆ ಕೆಲಸ ಸಿಕ್ಕಿತು, ಹೋಗಿ ಸೇರಿದ.

ಅಪ್ಪ ಕೊನೆಯ ಹತ್ತು ವರ್ಷ ಅಂಗಡಿಯಲ್ಲಿ ಇಬ್ಬರು ಕಿವುಡ ಹುಡುಗರಿಗೆ ಕೆಲಸ ಕಲಿಸಿದರು. ಮೂರು ಮೆಷಿನ್‌ಗಳನ್ನು ಗೋಡೆಗೆ ಮುಖಮಾಡಿ ಇಡದೆ, ಒಂದಕ್ಕೊಂದು ಎದುರಾಗಿ ಇಟ್ಟಿದ್ದರು. ಬಾಗಿಲಲ್ಲಿ ಗಿರಾಕಿ ಬಂದದ್ದು ಕಾಣಲು ಗೋಡೆಗೆ ಕನ್ನಡಿ, ಕರೆಗಂಟೆಯ ಸ್ವಿಚ್ಚಿಗೆ ಜೋಡಿಸಿದ ಒಂದು ಕೆಂಪು ಬಲ್ಬು. ಕಾಜಾ ಹೊಲಿಯುವಾಗ ಕೈಗಳು ಬಿಡುವಾಗುವುದಿಲ್ಲವಾದ್ದರಿಂದ ಮಾತಿಗೆಂದೇ ಹೊತ್ತು ಗೊತ್ತುಮಾಡಿದ್ದರು: ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಮೂರೂ ಮೆಷಿನ್ ನಿಲ್ಲುತ್ತಿದ್ದವು. ಅವರಿಗೆ ತೊಂದರೆ ಕೊಡುತ್ತಿದ್ದದ್ದು ಸಂಜೆಯ ವೇಳೆ ಕರೆಂಟ್ ಹೋಗುವುದು. ಕತ್ತಲಲ್ಲಿ ಅವರು ಮಾತನಾಡುವಂತಿಲ್ಲ. ಒಂದು ಸಂಜೆ ನಾನು ಅಂಗಡಿಗೆ ಹೋದಾಗ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ, ಗಿರಾಕಿಯೊಬ್ಬರು ಕತ್ತಲಲ್ಲಿ ಬೆಂಚಿನ ಮೇಲೆ ಕಾಯುತ್ತಿದ್ದರು. ಹೊರಗೆ ಬಂದು ನೋಡಿದರೆ, ನಾಲ್ಕು ಅಂಗಡಿ ಆಚೆ, ಇನ್‌ವರ್ಟರ್ ಇದ್ದ ಮೆಡಿಕಲ್ ಸ್ಟೋರಿನ ಟ್ಯೂಬ್‌ಲೈಟ್ ಕೆಳಗೆ ಮೂವರೂ ನಿಂತಿದ್ದರು. ಕರೆಂಟ್ ಹೋದಾಗ ಅರ್ಧಕ್ಕೆ ನಿಂತಿದ್ದ ಯಾವುದೋ ವಾದ ಮುಂದುವರಿದಿತ್ತು. ಅಪ್ಪನ ಕೊರಳಲ್ಲಿ ಟೇಪು ಹಾಗೇ ತೂಗುತ್ತಿತ್ತು. ನನ್ನನ್ನು ಕಂಡು, ಸನ್ನೆ ನಿಲ್ಲಿಸದೆಯೇ, ಗಿರಾಕಿಗೆ ಐದು ನಿಮಿಷ ಕೂರಲು ಹೇಳು ಎಂದು ಗಲ್ಲದಿಂದ ತೋರಿಸಿದರು.